ಮಡಿಲಿಗೆ ಬಿದ್ದ ಭೂತಾನದ ನೋಟು

ಮೇ 5, ಸೋಮವಾರ

ಭೂತಾನದ ನೋಟು ಕಾಣುತ್ತಿಲ್ಲ.

ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಪೆಟ್ಟಿಗೆ ತೆಗೆದು ನೋಡಿದೆ. ಒಂಬತ್ತರಲ್ಲಿ ಎಂಟೇ ಇದ್ದವು. ಪೆಟ್ಟಿಗೆಯನ್ನು ಮಗುಚಿದೆ, ಹಾಸಿಗೆ ಕೊಡವಿದೆ. ನನ್ನ ನೋಟಾಗಿದ್ದರೆ ಇಷ್ಟು ಹುಡುಕುತ್ತಿರಲಿಲ್ಲ. ಇವು ಷಡಕ್ಷರಿ ಸಾರ್ ಅವರವು.

ಅವರು ಯಳಂದೂರಿನವರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಯಾವುದಾದರೂ ದೇಶದ ರಾಜನಿಗೆ ಮದುವೆಯಾದರೆ, ಪಟ್ಟ ಕಟ್ಟಿದರೆ, ಮಗ ಹುಟ್ಟಿದರೆ ಅಲ್ಲಿಯವರು ನೆನಪಿಗೆಂದು ಒಂದು ನೋಟು ಹೊರಡಿಸುತ್ತಾರಂತೆ. ಸಾರ್ ಅಂಥ ನೋಟುಗಳನ್ನಷ್ಟೇ ಕೂಡಿಡುತ್ತಾರೆ. ಜೂನ್ ಒಂದಕ್ಕೆ ಮೈಸೂರಿನಲ್ಲಿ ಪ್ರದರ್ಶನವಿದೆ. ಅವರ ಕೈ ನಡುಗುವುದರಿಂದ ಒಂಬತ್ತು ನೋಟುಗಳನ್ನು ಕವರಿಗೆ ಸೇರಿಸಿ, ಒಂದೊಂದರ ಕೆಳಗೂ ಚೀಟಿ ಬರೆಯುವ ಕೆಲಸವನ್ನು ನನಗೆ ಕೊಟ್ಟಿದ್ದಾರೆ. ಒಮ್ಮೆ ಹೆಂಡತಿಯ ರೇಷ್ಮೆ ಸೀರೆ ತೆಗೆದುಕೊಂಡು ನಮ್ಮ ಇಸ್ತ್ರಿ ಅಂಗಡಿಗೆ ಬಂದಿದ್ದರು. ನಾನು ಮಡಿಕೆ ಮಡಿಕೆಗೂ ಕಾಗದ ಇಟ್ಟು ಮಡಿಸುವುದನ್ನು ನೋಡಿ, “ನಿನ್ನ ಕೈಗೆ ಏನು ಬೇಕಾದ್ರೂ ಕೊಡಬಹುದು ಕಣಯ್ಯ” ಎಂದರು. ಈ ಡೈರಿಯೂ ಅವರೇ ಕೊಟ್ಟದ್ದು, ಅಕ್ಷರ ಕೆಡಬಾರದು, ದಿನಾ ಬರೆ ಎಂದು.

ಸಂಜೆ ಅವ್ವನನ್ನು ಕೇಳಿದೆ.

“ಅದಾ? ನೆನ್ನೆ ಸೌಮ್ಯನ ಮಡ್ಲಿಗಾಕ್ದೆ ಕಣ್ಲಾ.”

ಸೌಮ್ಯ ನನ್ನ ಚಿಕ್ಕಪ್ಪನ ಮಗಳು. ನಿನ್ನೆ ಇಲ್ಲೇ ಕೊಳ್ಳೇಗಾಲದಲ್ಲಿ ಮದುವೆಯಾಯಿತು. ಹನೂರಿನ ಹತ್ತಿರ ಶಾಗ್ಯಕ್ಕೆ ಕೊಟ್ಟಿದ್ದಾರೆ. ಹುಡುಗಿಯನ್ನು ಕಳಿಸುವಾಗ ಅವ್ವ ಅವಳ ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ, ಎಲೆಅಡಿಕೆ ಹಾಕಿ ಮೇಲೊಂದು ನೋಟು ಇಟ್ಟಿದ್ದಳು. ನಾನು ಅಲ್ಲೇ ಕಂಬದ ಹಿಂದೆ ನಿಂತಿದ್ದೆ. ನೋಟಿನ ಕಡೆ ನೋಡಲಿಲ್ಲ.

“ಅವ್ವಾ, ಅದು ಭೂತಾನದ್ದು, ಅಲ್ಲಿನ ರಾಜನ ಮದ್ವೆ ನೋಟು.”

“ಯಾವ್ ದೇಶದ್ದಾದ್ರೇನು? ಗಂಡ ಎಡ್ತಿ ಇಬ್ರೂ ನಗ್ತಾ ಕೂತವ್ರೆ. ನಮ್ ನೋಟಲ್ಲಿ ಗಾಂಧಿ ತಾತ ಒಬ್ರೇ. ಮದ್ವೆಗೆ ಯಾವ್ದು ವಾಸಿ, ನೀನೇ ಏಳು.”

ನಾಳೆ ಹೋಗಿ ಕೇಳಿ ತರುತ್ತೇನೆ ಎಂದೆ. ಅವ್ವನ ಮುಖ ಬದಲಾಯಿತು.

“ಮಡ್ಲಿಗಾಕಿದ್ದ ವಾಪಸ್ ಕೇಳ್ತಾರೇನ್ಲಾ? ಎಣ್ಮಗೀಗೆ ಒಳ್ಳೇದಾದದಾ? ತವ್ರೋರು ಉಸ್ರೆತ್ತಂಗಿಲ್ಲ. ನಿಮ್ ಸಾರ್‌ಗೆ ಬೇರೆ ನೋಟ್ ಕೊಡ್ಸು.” ಒಲೆಯ ಮುಂದೆ ಕೂತ ಮೇಲೂ ಬಿಡಲಿಲ್ಲ. “ಊರೂರ್ ರಾಜ್ರುಗಳ್ ಮದ್ವೆನೆಲ್ಲ ಪೆಟ್ಗೇಲಿಟ್ಟು ಬೀಗ ಜಡೀತೀಯ. ನಿನ್ ಮದ್ವೆ ಅಂದ್ರೆ ಮೂಲೆ ಸೇರ್ಕತೀಯ.”

ಬೇರೆ ನೋಟು ಎಲ್ಲಿಂದ ತರಲಿ? ಒಡೆಯರಪಾಳ್ಯದ ಟಿಬೆಟಿಯನ್ ಸ್ವೆಟರ್ ವ್ಯಾಪಾರಿಯೊಬ್ಬರಿಗೆ ಮೂರು ವರ್ಷ ದುಂಬಾಲು ಬಿದ್ದು ಸಾರ್ ಅದನ್ನು ತರಿಸಿದ್ದು.

ಮೇ 7, ಬುಧವಾರ

ಷಡಕ್ಷರಿ ಸಾರ್ ಫೋನ್ ಮಾಡಿ “ಎಲ್ಲಿಗೆ ಬಂತಪ್ಪ?” ಎಂದರು. “ಆಯ್ತಾ ಅದೆ ಸಾ” ಎಂದೆ. ಸುಳ್ಳಲ್ಲ. ಎಂಟಕ್ಕೆ ಚೀಟಿ ಬರೆದಾಗಿದೆ.

ಮೇ 9, ಶುಕ್ರವಾರ

ಶಾಗ್ಯಕ್ಕೆ ಹೋಗಿದ್ದೆ. ಸೌಮ್ಯಳ ಮದುವೆ ಸೀರೆಗಳನ್ನು ಇಸ್ತ್ರಿಗೆ ತರುವ ನೆಪ. ಬಸ್ಸಿನಲ್ಲಿ ಹನೂರಿನವರೆಗೂ ಮಾತು ಜೋಡಿಸಿಕೊಂಡೆ. ನೇರವಾಗಿ ಕೇಳುವಂತಿಲ್ಲವಾದ್ದರಿಂದ ಸುತ್ತಿ ಬಳಸಿ, ಮೊದಲು ಆರೋಗ್ಯ, ಆಮೇಲೆ ಬೆಳೆ, ಆಮೇಲೆ ಭೂತಾನ. ಆಟೋ ಇಳಿಯುವಷ್ಟರಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ.

ಅವರದು ರೇಷ್ಮೆ ಹುಳ ಸಾಕುವ ಮನೆ. ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹುಡುಗಿಯೊಬ್ಬಳು ನಿಂತಿದ್ದಳು. ಸೌಮ್ಯಳ ಗಂಡ ಪರಮೇಶನ ತಂಗಿ, ಭವ್ಯ.

“ಅತ್ಗೇ, ನಿಮ್ ಕಡೆ ಬೀಗ್ರು ಬಂದವ್ರೆ” ಎಂದು ಒಳಗೆ ಕೂಗಿ, ನನ್ನ ಕಡೆ ತಿರುಗಿ, “ನೀರ್ ಕೊಡ್ಲಾ, ಮಜ್ಗೆ ಕೊಡ್ಲಾ?” ಎಂದಳು.

ತಲೆಯಾಡಿಸಿದೆ.

“ಯಾವ್ದುಕ್ಕೆ ಆಡ್ಸಿದ್ದು?”

ಮತ್ತೆ ತಲೆಯಾಡಿಸಿದೆ. ಎರಡನ್ನೂ ತಂದಿಟ್ಟಳು. ಎರಡನ್ನೂ ಕುಡಿದೆ.

ಸೌಮ್ಯ ಆರು ಸೀರೆ ತಂದು ಮುಂದಿಟ್ಟಳು. ನಾನು ಒಂದನ್ನು ಮಾತ್ರ ತೆಗೆದುಕೊಂಡೆ. ಎಲ್ಲ ಒಯ್ಯಣ್ಣ ಎಂದಳು. “ಒಂದೊಂದೇ ಆದ್ರೆ ಚೆನ್ನಾಗ್ ಬತ್ತದೆ” ಎಂದೆ. ಈ ದಿನ ನಾನು ಆಡಿದ ಪೂರ್ತಿ ವಾಕ್ಯ ಇದೊಂದೇ.

ಮೇ 12, ಸೋಮವಾರ

ಮೊದಲನೇ ಸೀರೆ ಕೊಟ್ಟು ಎರಡನೆಯದನ್ನು ತಂದೆ. ನೋಟಿನ ಸುದ್ದಿ ತಾನಾಗಿ ಬಂತು, ಬರಬಾರದ ರೀತಿಯಲ್ಲಿ.

“ದೊಡ್ಡವ್ವ ಕೊಟ್ಟ ನೋಟು ಅಂಗ್ಡೀಲಿ ನಡೀಲಿಲ್ಲ ಕಣಣ್ಣ” ಎಂದಳು ಸೌಮ್ಯ. “ಅನೂರಲ್ಲಿ ಬಳೆ ತಕಳಾನ ಅಂತ ಓದೆ. ಬಳೆ ಅಂಗ್ಡಿಯವ್ನು ತಿರುಗ್ಸಿ ಮುರುಗ್ಸಿ ನೋಡಿ ವಾಪಸ್ ಕೊಟ್ಟ. ದೇವ್ರ ಗೂಡಲ್ಲಿಟ್ಟಿದ್ದೀನಿ. ಅಮಾಸೆಗೆ ಬೆಟ್ಟುಕ್ ಓದಾಗ ಉಂಡಿಗೆ ಆಕ್ಬುಡ್ತೀನಿ. ಅಂಗ್ಡೀಲಿ ನಡೀದಿದ್ರೂ ಮಾದಪ್ಪಂಗೆ ನಡೀತದೆ.”

ಅಮಾವಾಸ್ಯೆ ಇಪ್ಪತ್ತೇಳಕ್ಕೆ. ಮಾದಪ್ಪನ ಬೆಟ್ಟದ ಹುಂಡಿಗೆ ಬಿದ್ದರೆ ಮುಗಿಯಿತು. ಮಡಿಲಿನದನ್ನೇ ಕೇಳಲಾಗದವನು ದೇವರ ಹತ್ತಿರ ಇರುವುದನ್ನು ಹೇಗೆ ಕೇಳಲಿ?

ತಿರುಗ್ಸಿ ಮುರುಗ್ಸಿ ಎಂದಳಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ಸಾರ್ ಆ ನೋಟನ್ನು ಬೆರಳಿನಿಂದ ಮುಟ್ಟುತ್ತಲೇ ಇರಲಿಲ್ಲ. ಚಿಮಟದಲ್ಲಿ ಹಿಡಿಯುತ್ತಿದ್ದರು.

ನಾನು ಕೂತ ಜಾಗದಲ್ಲೇ ಕಲ್ಲಾದದ್ದನ್ನು ನೋಡಿ ಭವ್ಯ ಒಂದು ಮಣೆ, ಒಂದು ಕತ್ತಿ, ಒಂದು ರಾಶಿ ಸೊಪ್ಪು ತಂದು ಮುಂದಿಟ್ಟಳು. “ಕೈ ಸುಮ್ನಿದ್ರೆ ನಮ್ಮನೇಲಿ ಮಜ್ಗೆ ಇಲ್ಲ ಬೀಗ್ರೇ.” ಮರಿ ಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಬೇಕು. ಹೆಚ್ಚಿದೆ. ಅವಳು ಒಂದು ಹಿಡಿ ಎತ್ತಿ ನೋಡಿ, “ಅಳತೆ ಇಟ್ಟು ಕುಯ್ದಂಗದೆ. ಉಳ ತಿನ್ನಾಕೆ ನಾಚ್ಕತವೆ” ಎಂದಳು.

ಮೇ 14, ಬುಧವಾರ

ಶಾಗ್ಯ. ಎರಡನೇ ಸೀರೆ ಕೊಟ್ಟು ಮೂರನೆಯದು ತಂದೆ. ದೇವರ ಗೂಡು ನಡುಮನೆಯಲ್ಲಿದೆ, ಗಾಜಿನ ಬಾಗಿಲು. ದೂರದಿಂದ ಏನೂ ಕಾಣುವುದಿಲ್ಲ.

ಮೇ 17, ಶನಿವಾರ

ಮೂರನೇ ಸೀರೆ. ಹುಳ ಇವತ್ತು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಒಂದು ದಿನ ಏನೂ ತಿನ್ನದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಕೂರುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ.

“ಯಾಕ್ ಇವು ಇಂಗೆ ಕೂತವೆ?” ಎಂದು ಕೇಳಿದೆ.

“ನಿಮ್ಮುನ್ ನೋಡಿ ಕಲ್ತವೆ” ಎಂದಳು ಭವ್ಯ.

ನನಗೆ ಉತ್ತರ ಹೊಳೆಯಿತು, ಆದರೆ ಹನೂರಿನ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ. “ಇವುಕ್ಕೆ ಜ್ವರ ಒಂದೇ ದಿನಕ್ಕೆ ಬುಡ್ತದೆ, ನಂಗೆ ಇನ್ನೂ ಬುಟ್ಟಿಲ್ಲ” ಎನ್ನಬಹುದಿತ್ತು.

ಮೇ 20, ಮಂಗಳವಾರ

ನಾಲ್ಕನೇ ಸೀರೆ. ಭವ್ಯ ಲೆಕ್ಕ ಇಟ್ಟಿದ್ದಾಳೆ. “ಒಂದ್ ಸೀರೆಗೆ ಒಂದ್ ಸಲ ಬಸ್ ಅತ್ತೋರ ನಾನೆಲ್ಲೂ ಕಾಣೆ. ಅತ್ಗೆ, ಬೀಗ್ರಿಗೆ ಇನ್ನೆಲ್ಡು ಅವೆ. ಆಮೇಲೆ ನಮ್ ಅವ್ವುನ್ ಸೀರೆ ಕೊಡಾನ ಬುಡಿ.”

ಸೊಪ್ಪು ಹಾಕುವಾಗ ನಿಮಗೆ ಇಸ್ತ್ರಿ ಬಿಟ್ಟು ಬೇರೆ ಏನು ಬರುತ್ತದೆ ಎಂದು ಕೇಳಿದಳು. ನೋಟಿಗೆ ಚೀಟಿ ಬರೆಯುತ್ತೇನೆ ಎಂದೆ. ಯಾವ ನೋಟು ಎಂದಳು. ಹೇಳಬೇಕಾಯಿತು. ಥಾಯ್ಲೆಂಡಿನಲ್ಲಿ ರಾಜನಿಗೆ ಅರವತ್ತು ತುಂಬಿದಾಗ ಅರವತ್ತರದ್ದೇ ಒಂದು ನೋಟು ಮಾಡಿದರು, ಕರವಸ್ತ್ರದ ಹಾಗೆ ಚೌಕವಾಗಿದೆ ಎಂದೆ. ಭೂತಾನದಲ್ಲಿ ಮಗ ಹುಟ್ಟಿದ್ದಕ್ಕೂ ಒಂದು ನೋಟಿದೆ ಎಂದೆ. ಅವಳು ಸೊಪ್ಪು ಹಿಡಿದ ಕೈ ಹಾಗೇ ನಿಲ್ಲಿಸಿ ಕೇಳಿದಳು.

“ನಮ್ ತಾತುಂಗೆ ಎಂಬತ್ತಾರು ತುಂಬ್ತು. ಎಂಬತ್ತಾರ್ ರೂಪಾಯಿಂದು ಒಂದ್ ಮಾಡ್ಸಿ.”

“ಅವ್ರು ರಾಜ ಆಗಿರ್ಬೇಕು” ಎಂದೆ.

“ಒಂದ್ ಸಲ ಅವ್ರ್ ಮುಂದೆ ತಟ್ಟೆ ತಡ್ವಾಗಿ ಇಟ್ಟು ನೋಡಿ, ಗೊತ್ತಾಯ್ತದೆ.”

ನಕ್ಕೆವು. ಆಗ ನೋಟಿನ ವಿಷಯ ಹೇಳಿಬಿಡೋಣ ಎನಿಸಿತು. ಅಷ್ಟರಲ್ಲಿ ಆಟೋ ಬಂತು. ನಾನೇ ಬರಹೇಳಿದ್ದ ಆಟೋ. ಇಷ್ಟು ಬೇಗ ಯಾಕೆ ಬಂದ ಎಂದು ಅವನ ಮೇಲೆ ರೇಗಿದೆ.

ಸಾರ್ ಎರಡು ಸಲ ಫೋನ್ ಮಾಡಿದ್ದರು. ತೆಗೆಯಲಿಲ್ಲ.

ಮೇ 24, ಶನಿವಾರ

ಅಮಾವಾಸ್ಯೆಗೆ ಮೂರು ದಿನ. ಇವತ್ತು ಆದದ್ದನ್ನೆಲ್ಲ ಬರೆಯುತ್ತೇನೆ, ನಾಚಿಕೆಯಾದರೂ.

ಜೇಬಿನಲ್ಲಿ ಹೊಸ ನೂರರ ನೋಟು ಇಟ್ಟುಕೊಂಡು ಹೋಗಿದ್ದೆ. ಭೂತಾನದ್ದನ್ನು ತೆಗೆದು ಆ ಜಾಗದಲ್ಲಿ ಇದನ್ನಿಟ್ಟರೆ ಕೇಳಿದಂತೆಯೂ ಆಗುವುದಿಲ್ಲ, ದೇವರಿಗೆ ನಷ್ಟವೂ ಇಲ್ಲ. ಐದನೇ ಸೀರೆಯನ್ನು ಮಂಚದ ಮೇಲಿಟ್ಟೆ. ಎಲ್ಲರೂ ಹುಳದ ಮನೆಯಲ್ಲಿದ್ದರು. ನಡುಮನೆಗೆ ಹೋಗಿ ಗೂಡಿನ ಗಾಜು ಸರಿಸಿದೆ. ನೋಟು ದೀಪದ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿತ್ತು.

ರಾಣಿಯ ಹಣೆಯ ಮೇಲೆ ಕುಂಕುಮ. ರಾಜನ ಹಣೆಯ ಮೇಲೆ ಮೂರು ಗೆರೆ ವಿಭೂತಿ.

ಕೈ ಚಾಚಿದವನು ಹಾಗೇ ನಿಂತೆ.

“ಬೀಗ್ರೇ, ದೇವ್ರ ಗೂಡ್ಗೂ ಇಸ್ತ್ರಿ ಮಾಡ್ತೀರಾ?”

ಭವ್ಯ. ಖಾಲಿ ಬುಟ್ಟಿ ಸೊಂಟಕ್ಕಿಟ್ಟು ಬಾಗಿಲಲ್ಲಿ ನಿಂತಿದ್ದಳು. ಓಡಿಹೋಗುವುದಕ್ಕೆ ಇದ್ದದ್ದು ಅದೊಂದೇ ಬಾಗಿಲು. ಹಾಗಾಗಿ ಹೇಳಿದೆ. ಷಡಕ್ಷರಿ ಸಾರ್, ಅವರ ನಡುಗುವ ಕೈ, ಅವ್ವ, ಗಾಂಧಿ ತಾತ, ಬಳೆ ಅಂಗಡಿ, ಜೂನ್ ಒಂದು, ಜೇಬಿನ ನೂರು ರೂಪಾಯಿ. ನಡುವೆ ಒಮ್ಮೆಯೂ ತಡವರಿಸಲಿಲ್ಲವೆಂದು ಈಗ ಅನಿಸುತ್ತಿದೆ. ಹೆದರಿದಾಗ ಹಾಗಾಗುತ್ತದೇನೋ.

ಅವಳು ಬುಟ್ಟಿ ಕೆಳಗಿಟ್ಟಳು. “ಅಯ್ಯೋ, ಸೀರೆ ಸೀರೆ ಅಂತ ಇಷ್ಟ್ ದಿನ ಬಂದುದ್ದು ಇದುಕ್ಕಾ?”

ಹೌದು ಎಂದೆ. ಅವಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಯಾಕೋ ತಿಳಿಯಲಿಲ್ಲ.

“ಅಣೆಗೆ ಯಾರ್ ಅಚ್ಚಿದ್ದು?” ಎಂದೆ.

“ಅತ್ಗೆ. ಮುತ್ತೈದೆ ಅಣೆ ಬರಿದಾಗಿರ್ಬಾರ್ದು ಅಂತ ದಿನಾ ಕುಂಕ್ಮ ಇಡ್ತಾರೆ. ರಾಣಿಗಿಟ್ಟು ರಾಜುಂಗೆ ಬುಟ್ರೆ ಅವ್ನ್ ಏನಂದ್ಕಂಡಾನು? ಅದುಕ್ಕೆ ವಿಭೂತಿ ನಾನೇ ಎಳ್ದೆ.” ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಅಳಬೇಕೆಂದಿದ್ದೆ. ಆಗಲಿಲ್ಲ. ಇಬ್ಬರೂ ದೇವರ ಮುಂದೆ ಕೂತು ನಕ್ಕೆವು.

ಆಮೇಲೆ ಅವಳೇ ಒಂದು ದಾರಿ ಹೇಳಿದಳು. “ನೀವು ತವ್ರೋರು, ಕೇಳಂಗಿಲ್ಲ. ನಾನು ನಾದ್ನಿ, ಕೇಳ್ಬೋದು.” ಮದುಮಗಳು ಮೊದಲ ಸಲ ಮನೆ ತುಂಬುವಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು, ಕೊಟ್ಟರೇ ಒಳಗೆ ಬಿಡುವುದು ಎಂದು ಏನಾದರೂ ಕೇಳುತ್ತಾಳೆ. ಅತ್ತಿಗೆ ಇಲ್ಲ ಎನ್ನುವಂತಿಲ್ಲ. ಅವತ್ತು ಹುಳಕ್ಕೆ ಸೊಪ್ಪು ಹಾಕುವ ಅವಸರದಲ್ಲಿ ಭವ್ಯ ಏನೂ ಕೇಳಿರಲಿಲ್ಲವಂತೆ.

ಆರನೇ ಸೀರೆ ತರುವುದನ್ನು ಮರೆತು ಬಂದೆ.

ಮೇ 26, ಸೋಮವಾರ

ಭವ್ಯ ಫೋನ್ ಮಾಡಿದ್ದಳು.

“ಅತ್ಗೆ ಬೆಟ್ಟುಕ್ಕೆ ಬಟ್ಟೆ ಜೋಡುಸ್ತಿದ್ರು. ಬಾಗ್ಲಿಗೆ ಅಡ್ಡ ನಿಂತ್ಕಂಡೆ. ಅವತ್ತಿಂದು ಇವತ್ತು ಕೊಟ್ಟು ದಾಟಿ ಅಂದೆ. ವಾಲೆ ಕೇಳ್ತೀನಿ ಅಂತ ಎದ್ರುಕಂಡಿದ್ರು ಪಾಪ. ನೋಟು ಅಂದ್ ತಕ್ಸಣ, ಇಷ್ಟೇನಾ ಅಂತ ಎಲ್ಡು ಕೈಲೂ ಕೊಟ್ರು.”

ಇಪ್ಪತ್ತು ನಿಮಿಷ ಮಾತಾಡಿದೆವು. ಬರೀ ನೋಟಿನ ವಿಷಯ.

ಮೇ 29, ಗುರುವಾರ

ನೋಟು ತರಲು ಬೆಳಿಗ್ಗೆಯೇ ಹೋದೆ. ಹುಳ ಹಣ್ಣಾಗಿದ್ದವು. ಗೂಡು ಕಟ್ಟುವ ಹೊತ್ತಿಗೆ ಹುಳದ ಮೈ ಮಾಗಿದ ಹಣ್ಣಿನಂತೆ ಹಳದಿಗೆ ತಿರುಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ನೂಲು ಅಲ್ಲಿ ಇಲ್ಲಿ ಸುತ್ತಿ ಹಾಳು ಮಾಡುತ್ತವೆ. ಊಟಕ್ಕೂ ಏಳದೆ ಸಂಜೆವರೆಗೆ ಹುಳ ಬಿಟ್ಟೆ. ಪರಮೇಶ ಭಾವ, “ಕೈ ಸೂಕ್ಸ್ಮ ಅದೆ ಕಣ್ಲಾ ನಿಂದು. ಇಲ್ಲೇ ಇದ್ಬುಡು” ಎಂದರು. ಭವ್ಯ ಅತ್ತ ತಿರುಗಿ ಹುಳ ಆರಿಸತೊಡಗಿದಳು.

ಹೊರಡುವಾಗ ಅವಳು ಜಗುಲಿಗೆ ಬಂದಳು. ನೋಟನ್ನು ಹೊಸ ಬಿಳಿ ಕಾಗದದ ನಡುವೆ ಇಟ್ಟಿದ್ದಳು, ಮಡಿಸದೆ.

“ಈಗಿದು ಮಡ್ಲುದ್ದಲ್ಲ, ನಂದು. ಬೇಕಂದ್ರೆ ಬಾಯ್ಬುಟ್ಟು ಕೇಳಿ.”

“ಕೊಡಿ” ಎಂದೆ.

“ಯಾರಿಗ್ ಏಳ್ತಾ ಇದ್ದೀರಿ? ನೋಟ್ಗಾ?”

“ಕೊಡಿ, ಭವ್ಯ” ಎಂದೆ. ಕೊಟ್ಟಳು.

ಮೇ 30, ಶುಕ್ರವಾರ

ಯಳಂದೂರಿಗೆ ಹೋಗಿ ಒಂಬತ್ತನ್ನೂ ಸಾರ್ ಮುಂದಿಟ್ಟೆ. ಭೂತಾನದ್ದನ್ನು ಮೊದಲೇ ಇಟ್ಟೆ. ವಿಭೂತಿಯನ್ನು ಮೆತ್ತಗೆ ಒರೆಸಿದರೆ ಹೋದೀತು. ಕುಂಕುಮ ಎಣ್ಣೆಯೊಂದಿಗೆ ಕಾಗದಕ್ಕೆ ಇಳಿದುಬಿಟ್ಟಿದೆ. ಸಾರ್ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ನಾನು ನಿಂತುಕೊಂಡೇ ನಡೆದದ್ದೆಲ್ಲ ಹೇಳಿದೆ. ಅವರಿಗೆ ನಗು ಬರಲಿಲ್ಲ.

“ಮೂವತ್ತೈದು ವರ್ಷ ಜನರ ಬೆವರು, ಎಂಜಲು ಅಂಟಿದ ನೋಟನ್ನೇ ಮುಟ್ಟಿದೀನಿ ಕಣಯ್ಯ. ಯಾರ ಕೈಯೂ ತಾಗದ ನಾಲ್ಕು ನೋಟು ನನ್ನ ಹತ್ರ ಇರಲಿ ಅಂತ ಇವನ್ನ ಕೂಡಿಸಿದ್ದು. ನಿನ್ನ ಕೈಗೆ ಕೊಟ್ಟೆ.” ಗಾಜನ್ನು ಕೆಳಗಿಟ್ಟರು. “ಆ ಜಾಗ ಖಾಲಿ ಬಿಡ್ತೀನಿ. ನೀನು ಮೈಸೂರಿಗೆ ಬರೋದು ಬೇಡ.”

ಅಲ್ಲಿಂದ ಬಂದುಬಿಡಬೇಕಿತ್ತು. ಬಾಗಿಲವರೆಗೆ ಹೋಗಿ ತಿರುಗಿ ಬಂದೆ.

“ತಪ್ಪು ನಂದೇ ಸಾ. ಬೀಗ ಹಾಕಿದ್ರೂ ಕೀನ ಅಲ್ಲೇ ಗೂಟಕ್ಕೆ ನೇತಾಕಿದ್ದೆ. ಆದ್ರೆ ಜಾಗ ಖಾಲಿ ಬುಟ್ರೆ ಬಂದೋರೆಲ್ಲ ನಿಮ್ಮನ್ನ ಕೇಳ್ತಾರೆ. ನೀವ್ ಯಾಕ್ ಉತ್ರ ಕೊಡ್ಬೇಕು? ಇದುನ್ನೇ ಇಡಿ. ಪಕ್ಕದಲ್ಲಿ ನಾನ್ ನಿಂತು ಏಳ್ತೀನಿ.”

“ನೀನು? ಜನದ ಮುಂದೆ?”

“ಊಂ ಸಾ.”

ಅವರು ಕನ್ನಡಕ ತೆಗೆದು ಒರೆಸಿದರು. ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದಷ್ಟೇ ಹೇಳಿದರು.

ಜೂನ್ 1, ಭಾನುವಾರ

ಮೈಸೂರಿನಿಂದ ಬಂದೆ. ಗಂಟಲು ಕಟ್ಟಿದೆ. ಆ ಪ್ರದರ್ಶನದ ಹಾಲ್‌ನಲ್ಲಿ ಧೂಳು ಜಾಸ್ತಿ ಇರಬೇಕು.

ಬಹುಮಾನ ಬರಲಿಲ್ಲ. ತೀರ್ಪು ಕೊಡಲು ಬಂದವರು ಭೂತಾನದ ನೋಟಿನ ಮುಂದೆ ನಿಂತು “ಕಳಂಕ” ಎಂದು ಬರೆದುಕೊಂಡು ಹೋದರು. ನೋಡಲು ಬಂದ ಜನ ಹೋಗಲಿಲ್ಲ. ಥಾಯ್ಲೆಂಡಿನ ಚೌಕದ ಮುಂದೆ ಯಾರೂ ಇಲ್ಲ, ಎಲ್ಲ ಇದರ ಮುಂದೆ. ಇದ್ಯಾಕೆ ಹೀಗಿದೆ ಎಂದು ಕೇಳಿದರು, ಹೇಳಿದೆ. ಮನೆಯವರನ್ನು ಕರೆದುಕೊಂಡು ಬಂದು, ಮತ್ತೆ ಹೇಳಿ ಎಂದರು, ಮತ್ತೆ ಹೇಳಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಾರ್ ಕಣ್ಣು ಮುಚ್ಚಿಕೊಂಡೇ, “ನಾನು ಎಣಿಸ್ತಾ ಇದ್ದೆ. ಮೂವತ್ತೊಂದು ಸಲ ಹೇಳಿದೆ” ಎಂದರು. “ಬೆಳಿಗ್ಗೆ ಹೇಳುವಾಗ ನೋಟಿನ ಮಾತೇ ಜಾಸ್ತಿ ಇತ್ತು. ಸಂಜೆ ಹೊತ್ತಿಗೆ ಬರೀ ಆ ಹುಡುಗಿ ಮಾತೇ ಆಯ್ತು. ವಿಭೂತಿ ಎಳೆದಳಂತೆ, ಮಜ್ಜಿಗೆ ಕೊಟ್ಟಳಂತೆ. ಮಜ್ಜಿಗೆಗೂ ಭೂತಾನಕ್ಕೂ ಏನಯ್ಯ ಸಂಬಂಧ?”

ಜನ ಕೇಳಿದ್ದರು ಸಾ ಎಂದೆ. ಯಾರೂ ಕೇಳಿರಲಿಲ್ಲ ಎಂದರು.

ಯಳಂದೂರಿನಲ್ಲಿ ಇಳಿಯುವಾಗ ಆ ನೋಟನ್ನು ನನ್ನ ಕೈಗಿತ್ತರು. “ನನ್ನ ಆಲ್ಬಮ್ಮಿಗೆ ಇದು ಆಗಲ್ಲ. ಬುಧವಾರ ಬಾ, ಹೊಸದು ಎರಡು ಬಂದಿವೆ, ಚೀಟಿ ಬರೀಬೇಕು. ಕೀ ಮಾತ್ರ ಜೇಬಲ್ಲಿ ಇಟ್ಕೋ.”

ಜೂನ್ 2, ಸೋಮವಾರ

ನಾಳೆ ಶಾಗ್ಯಕ್ಕೆ ಹೋಗಿ ಬರುತ್ತೇನೆ ಎಂದೆ. ಅವ್ವ ರಾಗಿ ಮುದ್ದೆ ತಿರುವುತ್ತಾ, “ಯಾಕ್ಲಾ?” ಎಂದಳು. ಆರನೇ ಸೀರೆ ಉಳಿದಿದೆ ಎಂದೆ.

“ಸೀರೆ ಸೌಮ್ಯುನ್ ಗಂಡ ನೆನ್ನೆ ನೀನ್ ಮೈಸೂರಲ್ಲಿದ್ದಾಗ್ಲೇ ತಂದು ಅಂಗ್ಡೀಲಿ ಕೊಟ್ಟೋದ್ನಂತೆ. ಊರಿಗೆಲ್ಲ ಗೊತ್ತು.” ಮುದ್ದೆಯನ್ನು ತಟ್ಟೆಗೆ ಬಿಟ್ಟಳು. “ಬರೀ ಕೈಲಿ ಓಗು. ಏನ್ ಕೇಳ್ಬೇಕು ಅಂತಿದ್ದೀಯೋ ಅವ್ಳುನ್ನೇ ಕೇಳು. ಆಮೇಲೆ ಅವ್ರ್ ದೊಡ್ಡೋರ್ ತಾವ ನಾನ್ ಓಯ್ತೀನಿ. ಮಡ್ಲಿಗಾಕಿದ್ದ ಕೇಳ್ಬಾರ್ದು ಅಂದೆ. ಎಣ್ಣು ಕೇಳ್ಬಾರ್ದು ಅಂತ ನಾನ್ ಯಾವತ್ ಅಂದೆ?”

ನಾನು ನೋಟು ಕೊಡಲು ಹೋಗುತ್ತಿರುವುದು ಎಂದೆ. ಉಪ್ಪು ಸಾಕೇ ಎಂದು ಕೇಳಿದಳು.

ಜೂನ್ 3, ಮಂಗಳವಾರ

ಶಾಗ್ಯಕ್ಕೆ ಹೋಗಿ ಬಂದೆ. ಕಡೆ ಬಸ್ಸು ಸಿಕ್ಕಿತು. ಭಾನುವಾರ ಅವ್ವ ಅವರ ದೊಡ್ಡವರ ಹತ್ತಿರ ಹೋಗುತ್ತಾಳೆ.

ಬರೆಯಲು ಏನೂ ಉಳಿದಿಲ್ಲ. ಎಲ್ಲ ಅಲ್ಲೇ ಹೇಳಿ ಬಂದೆ.